ಹತ್ತೇ ನಿಮಿಷದ ದಾರಿ

ಈಚೆಗೆ ನಮ್ಮ ಕಡೆಯ ಪತ್ರಿಕೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ನಿವೇಶನಗಳ ಜಾಹೀರಾತು. 'ಬಸ್ ನಿಲ್ದಾಣದಿಂದ ಹತ್ತೇ ನಿಮಿಷ', 'ಮಾರಿಗುಡಿಯಿಂದ ಹತ್ತೇ ನಿಮಿಷ', 'ನಗರದ ಗದ್ದಲದಿಂದ ದೂರ, ನಗರಕ್ಕೆ ಹತ್ತಿರ'. ನಾನು ಸಮಾಜ ಪಾಠ ಹೇಳುವವಳು. ಆದರೂ ಲೆಕ್ಕದ ಮಾಸ್ತರು ರಜೆ ಹಾಕಿದ ದಿನ ಕಾಲ, ದೂರ, ವೇಗದ ಲೆಕ್ಕ ಮಾಡಿಸಿದ್ದುಂಟು. ದೂರವನ್ನೂ ಹೇಳದೆ, ವೇಗವನ್ನೂ ಹೇಳದೆ ಬರೀ ಕಾಲವನ್ನು ಹೇಳುವ ಲೆಕ್ಕವನ್ನು ನಮ್ಮ ಏಳನೆಯ ತರಗತಿಯ ಹುಡುಗರೂ ಒಪ್ಪುವುದಿಲ್ಲ. ಹತ್ತು ನಿಮಿಷ, ಸರಿ. ಯಾರ ಹತ್ತು ನಿಮಿಷ?

ಬೈಕಿನ ಹತ್ತು ನಿಮಿಷ. ಅಂದರೆ ಆರೇಳು ಕಿಲೋಮೀಟರು. ಅದೇ ದಾರಿಯನ್ನು ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇಟ್ಟುಕೊಂಡು ನಡೆದರೆ ಒಂದೂವರೆ ತಾಸು. ಜೂನ್ ತಿಂಗಳ ಮಳೆಯಲ್ಲಿ ಎಷ್ಟು ಎಂದು ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹೆಂಗಸರೂ ಸ್ಕೂಟಿ ಓಡಿಸುತ್ತಾರಲ್ಲ ಎಂದು ನೀವು ಕೇಳಬಹುದು. ಓಡಿಸುತ್ತಾರೆ, ಬಹಳ ಸಂತೋಷ. ನನ್ನ ಜೊತೆಯ ಶಿಕ್ಷಕಿಯರೇ ಸೀರೆಯ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿ ಭರ್ರೆಂದು ಹೋಗುವುದನ್ನು ನೋಡಿದರೆ ನನಗೂ ಹುಮ್ಮಸ್ಸು ಬರುತ್ತದೆ. ಆದರೆ ಮನೆಗೆ ಒಂದೇ ಗಾಡಿ ಇದ್ದರೆ ಅದರ ಕೀಲಿಕೈ ಯಾರ ಜೇಬಿನಲ್ಲಿರುತ್ತದೆ, ನೀವೇ ಹೇಳಿ. ಎಪ್ಪತ್ತು ದಾಟಿದ ಅತ್ತೆ ಏನು ಮಾಡಬೇಕು? ಹದಿನಾಲ್ಕರ ಮಗಳು? ಮನೆಗೆಲಸಕ್ಕೆ ಬರುವವಳು? ಇವರೆಲ್ಲರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಮಾತೊಂದಿದೆ: 'ಸ್ವಲ್ಪ ಬಿಟ್ಟು ಬರ್ತೀಯೇನೋ ತಮಾ?' ಮಗನಿಗೆ, ಮೈದುನನಿಗೆ, ಪಕ್ಕದ ಮನೆಯ ಹುಡುಗನಿಗೆ. ಅವನಿಗೆ ಪುರುಸೊತ್ತಿದ್ದರೆ ಆಸ್ಪತ್ರೆ ಉಂಟು, ಇಲ್ಲದಿದ್ದರೆ ನಾಳೆ. ಅವನ ಮುಖ ಗಂಟಿಕ್ಕಿದ್ದರೆ ತವರುಮನೆಯ ಪೂಜೆಯೂ ಇಲ್ಲ.

ಊರು ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು. ಅಲ್ಲಿಯ ಹೆಂಗಸು ದಿನಕ್ಕೆ ಎಷ್ಟು ಸಲ 'ಬಿಟ್ಟು ಬರ್ತೀಯಾ' ಎನ್ನಬೇಕಾಗುತ್ತದೆ? ರಸ್ತೆಯ ಅಗಲ, ದೀಪದ ಕಂಬಗಳ ಸಂಖ್ಯೆ, ವೃತ್ತದಲ್ಲಿ ನಿಲ್ಲಿಸಿದ ಕಾರಂಜಿ ಇವೆಲ್ಲ ಆಮೇಲಿನ ಮಾತು.

ನಮ್ಮ ಊರುಗಳನ್ನು ಯೋಚಿಸಿ ಕಟ್ಟುವವರಿಗೆ ಗಂಡಸಿನ ದಾರಿಯೊಂದೇ ಕಾಣುತ್ತದೆ. ಅದು ನೇರವಾದ ಗೆರೆ. ಬೆಳಗ್ಗೆ ಮನೆಯಿಂದ ಆಫೀಸು, ಸಂಜೆ ಆಫೀಸಿನಿಂದ ಮನೆ. ಹೆಂಗಸಿನ ದಾರಿ ಹಾಗಲ್ಲ, ಅದು ಚುಕ್ಕಿ ರಂಗೋಲಿ. ಮಗುವನ್ನು ಅಂಗನವಾಡಿಗೆ ಬಿಡಬೇಕು, ಡೈರಿಗೆ ಹಾಲು ಹಾಕಬೇಕು, ಕೆಲಸಕ್ಕೆ ಹೋಗಬೇಕು. ಬರುವಾಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು, ಅತ್ತೆಯ ಬಿ.ಪಿ. ಮಾತ್ರೆ ತರಬೇಕು, ಸಂಘದ ಕಂತು ಕಟ್ಟಬೇಕು. ಒಂದು ಚುಕ್ಕಿ ತಪ್ಪಿದರೆ ರಂಗೋಲಿ ಕೂಡುವುದಿಲ್ಲ. ನೇರ ಗೆರೆಗಾಗಿ ಮಾಡಿದ ನಕಾಶೆಯಲ್ಲಿ ಈ ಚುಕ್ಕಿಗಳಿಗೆ ಜಾಗವೇ ಇರುವುದಿಲ್ಲ.

ಇದು ಬರೀ ಮಾತಿನ ಮಾತಲ್ಲ. ನಮ್ಮ ಸೀಮೆಯ ಒಂದು ಪಟ್ಟಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಊರಿನ ಹೆಸರೂ ಬೇಡ, ಅವಳ ಹೆಸರೂ ಬೇಡ. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಬೆಳಗ್ಗೆ ಆರೂವರೆಗೆ ಒಂದು ಖಾನಾವಳಿಯಲ್ಲಿ ಚಪಾತಿ ಲಟ್ಟಿಸಲು ಹೋಗಬೇಕು. ಹತ್ತು ಗಂಟೆಯ ಮೇಲೆ ಎರಡು ಮನೆಯಲ್ಲಿ ಪಾತ್ರೆ, ಬಟ್ಟೆ. ಮಗಳ ಶಾಲೆ ಕೂಗಳತೆಯಲ್ಲಿ. ಬಾಡಿಗೆ ತಿಂಗಳಿಗೆ 1,500 ರೂಪಾಯಿ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತಿತ್ತು, ಕಕ್ಕಸು ನಾಲ್ಕು ಮನೆಗೆ ಒಂದೇ. ಅವಳು ಸರ್ಕಾರದ ಮನೆಗೆ ಅರ್ಜಿ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಹನ್ನೊಂದು ವರ್ಷದ ಮೇಲೆ ಪಟ್ಟಿಯಲ್ಲಿ ಹೆಸರು ಬಂತು. ಮನೆಯೂ ಆಯಿತು. ಚಿರೆಕಲ್ಲಿನ ಗೋಡೆ, ಹಿಂದೆ ಸ್ವಂತ ಕಕ್ಕಸು, ಬಾಗಿಲ ಮೇಲೆ ಯೋಜನೆಯ ಹೆಸರು. ಗೃಹಪ್ರವೇಶಕ್ಕೆ ನಾನೂ ಹೋಗಿ ಪಾಯಸ ಉಂಡು ಬಂದೆ.

ಆ ಕಾಲನಿ ಇರುವುದು ಪಟ್ಟಣದಿಂದ ಐದು ಕಿಲೋಮೀಟರು ಆಚೆ, ಮರವಿಲ್ಲದ ಒಂದು ಗುಡ್ಡದ ಮೇಲೆ. ಅಲ್ಲೇ ಏಕೆ? ಸರ್ಕಾರದ ಜಾಗ ಅಲ್ಲಿ ಸಿಕ್ಕಿತು, ಅಷ್ಟೆ. ಪಟ್ಟಣದ ಒಳಗೆ ಇದ್ದ ಸರ್ಕಾರದ ಜಾಗ ಕಲ್ಯಾಣ ಮಂಟಪಕ್ಕೂ ವಾಣಿಜ್ಯ ಸಂಕೀರ್ಣಕ್ಕೂ ಬೇಕಾಗುತ್ತದಲ್ಲ! ಕಾಲನಿಗೆ ಮೊದಲ ಬಸ್ಸು ಬರುವುದು ಒಂಬತ್ತೂವರೆಗೆ. ಚಪಾತಿ ಲಟ್ಟಿಸುವುದು ಆರೂವರೆಗೆ. ಆಟೋದವರು ಬೆಳಗಿನ ಜಾವಕ್ಕೆ 120 ರೂಪಾಯಿ ಕೇಳುತ್ತಾರೆ, ಅವರದೂ ತಪ್ಪಲ್ಲ, ಮರಳಿ ಖಾಲಿ ಬರಬೇಕು. ತಿಂಗಳಿಗೆ 26 ದಿನದ ಕೆಲಸ ಎಂದರೆ ಹೋಗುವುದಕ್ಕೇ 3,120 ರೂಪಾಯಿ. ಬಿಟ್ಟು ಬಂದ ಕೋಣೆಯ ಬಾಡಿಗೆಯ ಎರಡು ಪಟ್ಟು! ಎರಡು ತಿಂಗಳು ಕತ್ತಲಲ್ಲಿ ಐದು ಗಂಟೆಗೆ ಎದ್ದು ನಡೆದಳು. ಒಂದು ದಿನ ನಾಯಿ ಅಟ್ಟಿಸಿಕೊಂಡು ಬಂತು, ಇನ್ನೊಂದು ದಿನ ನಾಯಿಯಲ್ಲದ್ದು. ಖಾನಾವಳಿಯ ಕೆಲಸ ಬಿಟ್ಟಳು. ಮಗಳು ಶಾಲೆ ತಪ್ಪಿಸತೊಡಗಿದಳು.

ಈಗ ಅವಳು ಮತ್ತೆ ಬಸ್ ಸ್ಟ್ಯಾಂಡಿನ ಹಿಂದೆಯೇ ಇದ್ದಾಳೆ, ಮೊದಲಿನದಕ್ಕಿಂತ ಸಣ್ಣ ಕೋಣೆಯಲ್ಲಿ. ಗುಡ್ಡದ ಮನೆಗೆ ಬೀಗ. 'ಅಕ್ಕೋರೆ, ಮನೆ ಚಲೋ ಇದೆ. ಉಂಡು ಮಲಗಲಿಕ್ಕೆ ಏನೂ ಅಡ್ಡಿಲ್ಲ. ದುಡಿಲಿಕ್ಕೆ ಹೋಗಬೇಕು ಅಂದ್ರೆ ಮಾತ್ರ ಆಗ್ತಿಲ್ಲ' ಎಂದಳು. ಕಾಗದದಲ್ಲಿ ಅವಳಿಗೆ ಮನೆ ಇದೆ. ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಆದ್ದರಿಂದ ಸರ್ಕಾರದ ಲೆಕ್ಕದಲ್ಲಿ ಅವಳು ಮನೆಯಿಲ್ಲದವಳಲ್ಲ. ಫಲಾನುಭವಿ ವಾಸವಿಲ್ಲದ ಕಾರಣ ಮಂಜೂರಾತಿ ಏಕೆ ರದ್ದು ಮಾಡಬಾರದು ಎಂಬ ನೋಟೀಸು ಬೇರೆ ಬಂದಿದೆ. ಆ ನೋಟೀಸಿಗೆ ಉತ್ತರ ಬರೆದುಕೊಟ್ಟವಳು ನಾನೇ. 'ಬೆಳಗ್ಗೆ ಬಸ್ಸಿಲ್ಲ' ಎಂಬ ಎರಡು ಶಬ್ದವನ್ನು ಕಚೇರಿಯ ಕನ್ನಡದಲ್ಲಿ ಒಂದು ಪುಟ ಬರೆಯಬೇಕಾಯಿತು.

ಕಚೇರಿಯವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಮನೆ ಕೊಡುವ ಕಚೇರಿಗೆ ಬಸ್ಸಿನ ವಿಚಾರ ಗೊತ್ತಿಲ್ಲ. ಬಸ್ಸು ಬಿಡುವವರಿಗೆ ಮನೆ ಕಟ್ಟಿದ್ದು ಗೊತ್ತಿಲ್ಲ. ರಸ್ತೆ ಮಾಡುವವರಿಗೆ ಇವೆರಡೂ ಬೇಕಾಗಿಲ್ಲ. ಮೂರು ಇಲಾಖೆ, ಮೂರು ಕಡತ, ಮೂರು ಬಜೆಟ್ಟು. ಹೆಂಗಸಿಗೆ ಮಾತ್ರ ಇರುವುದು ಒಂದೇ ದಿನ, ಎರಡೇ ಕಾಲು.

ಮನೆಯ ನೀತಿಯೆಂದರೆ ನಮ್ಮಲ್ಲಿ ಗೋಡೆಯ ನೀತಿ. ಇಂದಿರಾ ಆವಾಸ್ ಇದ್ದಾಗಲೂ ಹಾಗೆಯೇ, 2016ರಲ್ಲಿ ಅದು ಪ್ರಧಾನಮಂತ್ರಿ ಆವಾಸ್ ಆದ ಮೇಲೂ ಹಾಗೆಯೇ. ಮನೆ ಇಷ್ಟು ಚದರ ಮೀಟರಿಗೆ ಕಡಿಮೆ ಇರಬಾರದು, 25 ಚದರ ಮೀಟರು, ಅಡುಗೆಮನೆಯೂ ಸೇರಿ. ಸಹಾಯಧನ ಬಯಲುಸೀಮೆಗೆ 1 ಲಕ್ಷ 20 ಸಾವಿರ, ಗುಡ್ಡಗಾಡಿಗೆ 1 ಲಕ್ಷ 30 ಸಾವಿರ ಎಂದು ನಿಗದಿಯಾಯಿತು. ಇವೆಲ್ಲ ಬರೆದಿಟ್ಟಿದ್ದಾರೆ, ಬರೆಯಲೇಬೇಕು. ಆದರೆ ಮನೆಯಿಂದ ಬಸ್ಸಿನ ನಿಲ್ದಾಣಕ್ಕೆ ಎಷ್ಟು ಹೆಜ್ಜೆ ಇರಬೇಕು ಎಂದು ಅಷ್ಟೇ ಕಟ್ಟುನಿಟ್ಟಾಗಿ ಯಾಕೆ ಬರೆಯಬಾರದು? ಇನ್ನು ನಮ್ಮ ಜಿಲ್ಲೆಯ ಕಷ್ಟವೇ ಬೇರೆ. ಕಾಡೇ ಹೆಚ್ಚು, ಊರು ಕಡಿಮೆ. ಅಜ್ಜನ ಕಾಲದಿಂದ ಇದ್ದ ಜಾಗವೂ ಅರಣ್ಯದ ಸರ್ವೆ ನಂಬರಿನಲ್ಲಿದ್ದರೆ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದಿದ್ದರೆ ಮನೆಯ ಹಣವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ದಾಖಲೆ ಕೇಳುತ್ತದೆ. ಸೋಗೆ ಮಾಡಿನ ಕೆಳಗೆ ಬಾಳಿದವರು ಯಾವ ಪೆಟ್ಟಿಗೆಯಲ್ಲಿ ಕಾಗದ ಇಟ್ಟುಕೊಂಡಿದ್ದಾರು? ಹೀಗಾಗಿ ಕೂಲಿಯ ಹತ್ತಿರ, ಶಾಲೆಯ ಹತ್ತಿರ ಇದ್ದ ಗುಡಿಸಲು ಗುಡಿಸಲಾಗಿಯೇ ಉಳಿಯುತ್ತದೆ. ಪಕ್ಕಾ ಮನೆ ಬೇಕೆಂದರೆ ಎಲ್ಲಿಯೋ ಗುಡ್ಡ ಹತ್ತಬೇಕು.

ದುಡ್ಡಿಲ್ಲ ಎನ್ನುತ್ತಾರೆ. ದುಡ್ಡಿನ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದ ಒಳಗೆ ಸುರಂಗ ಕೊರೆದು ರಸ್ತೆ ಮಾಡುವ ಯೋಜನೆ ಹಾಕಿದ್ದಾರೆ. ಉದ್ದ ಹದಿನೇಳು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅಂದಾಜು ವೆಚ್ಚ 17 ಸಾವಿರ ಕೋಟಿಗೂ ಮೇಲೆ. ಕಿಲೋಮೀಟರಿಗೆ ಸಾವಿರ ಕೋಟಿ ಎಂದಾಯಿತು. ಸಾಧಾರಣ ಡೀಸೆಲ್ ಬಸ್ಸೊಂದಕ್ಕೆ ಅರ್ಧ ಕೋಟಿ ಎಂದೇ ಹಿಡಿಯಿರಿ. ಒಂದು ಕಿಲೋಮೀಟರು ಸುರಂಗದ ದುಡ್ಡಿಗೆ ಎರಡು ಸಾವಿರ ಬಸ್ಸು ಬರುತ್ತವೆ. ಡ್ರೈವರ್, ಕಂಡಕ್ಟರ್, ಡೀಸೆಲ್ಲು ವರ್ಷವರ್ಷವೂ ಬೇಕಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಬೇಕು. ಅದಕ್ಕೆ ಎರಡನೆಯ ಕಿಲೋಮೀಟರಿನ ದುಡ್ಡು ಇಡಿ. ಆ ಸುರಂಗದಲ್ಲಿ ಸುಂಕ ಕೊಟ್ಟು ಹೋಗುವವರು ಕಾರಿನವರು. ಕಾರಿನವರು ನಮ್ಮ ಶತ್ರುಗಳಲ್ಲ, ನನ್ನ ತಮ್ಮನ ಮಗನೇ ಅಲ್ಲಿ ಕಾರು ಇಟ್ಟುಕೊಂಡಿದ್ದಾನೆ. ಆದರೆ ಅವನಿಗೆ ಹತ್ತು ನಿಮಿಷ ಉಳಿಸಲು ಇಷ್ಟು ಖರ್ಚು ಮಾಡುವ ರಾಜ್ಯ, ಗುಡ್ಡದ ಮೇಲಿನ ಹೆಂಗಸಿಗೆ ಬೆಳಗಿನ ಒಂದು ಬಸ್ಸು ಕೊಡಲಾರದು ಎಂದರೆ ಏನರ್ಥ?

ಬಸ್ಸು ಬಿಟ್ಟರೆ ನಷ್ಟ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ರಸ್ತೆಗೆ ನಷ್ಟ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಡಾಂಬರು ಹಾಕಿದ ರಸ್ತೆ ವರ್ಷಕ್ಕೆ ಎಷ್ಟು ಲಾಭ ತಂದಿತು ಎಂದು ಯಾವ ಮಂತ್ರಿಯೂ ಕೇಳುವುದಿಲ್ಲ. ಒಂದು ಮಳೆಗೆ ಕಿತ್ತುಹೋದರೂ ಅದು ಅಭಿವೃದ್ಧಿ. ನಲವತ್ತು ಜನರನ್ನು ಹೊತ್ತು ಸಾಗುವ ಬಸ್ಸು ಮಾತ್ರ ನಷ್ಟದ ಬಾಬತ್ತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಆಗ ಎಷ್ಟು ಕುಹಕ! ಹೆಂಗಸರೆಲ್ಲ ಮನೆ ಬಿಟ್ಟು ಧರ್ಮಸ್ಥಳಕ್ಕೆ ಹೊರಟರು, ಅಡುಗೆ ಯಾರು ಮಾಡುತ್ತಾರೆ ಎಂದು ಚಹಾದ ಅಂಗಡಿಯಲ್ಲಿ ನಕ್ಕರು. ಹೊರಟರೆ ಹೊರಟರು. ಹುಟ್ಟಿದಾಗಿನಿಂದ ತವರು ಮತ್ತು ಗಂಡನ ಮನೆ ಎರಡನ್ನೇ ಕಂಡವಳು ಮಂಜುನಾಥನನ್ನೋ ಮುರ್ಡೇಶ್ವರದ ಸಮುದ್ರವನ್ನೋ ಕಂಡು ಬಂದರೆ ಯಾರ ಗಂಟು ಹೋಯಿತು? ಆ ಯೋಜನೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ಟಿಕೇಟು ಪುಕ್ಕಟೆ ಕೊಟ್ಟಷ್ಟಕ್ಕೇ ಬಸ್ಸು ಬಂದಂತಾಗುವುದಿಲ್ಲ. ನಮ್ಮ ಪಕ್ಕದ ಕೇರಿಯ ಅಜ್ಜಿಯೊಬ್ಬರು ನಮ್ಮ ಹವ್ಯಕ ಮಾತಿನಲ್ಲಿ ಹೇಳುವ ಹಾಗೆ, 'ದುಡ್ಡು ಬ್ಯಾಡ ಹೇಳ್ತ, ಬಸ್ಸೇ ಬತ್ತಿಲ್ಲೆ.' ಇದ್ದ ಬಸ್ಸಿಗೆ ಜನ ಇಮ್ಮಡಿಯಾದಾಗ ಬಸ್ಸನ್ನೂ ಹೆಚ್ಚಿಸುವುದು ಸಾಮಾನ್ಯ ಬುದ್ಧಿ. ಬಾಗಿಲಲ್ಲಿ ನೇತಾಡುವ ಶಾಲೆಯ ಹುಡುಗರನ್ನು ನೋಡಿದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಸೈಕಲ್ಲಿನ ಕಥೆಯನ್ನೂ ಹೇಳಬೇಕು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಬ್ರೇಕು ಹಿಡಿಯುವುದಿಲ್ಲ, ಚೈನು ಬೀಳುತ್ತದೆ ಎಂಬ ದೂರುಗಳು ಇದ್ದವು. ಆದರೂ ನಾನು ನನ್ನ ಕಣ್ಣಾರೆ ಕಂಡದ್ದು ಇಷ್ಟು: ಏಳನೆಯದಕ್ಕೆ ಶಾಲೆ ಬಿಡಿಸಬೇಕೆಂದಿದ್ದ ಮನೆಗಳ ಹುಡುಗಿಯರು ನೀಲಿ ಸ್ಕರ್ಟು ತೊಟ್ಟು ಕಾನಿನ ದಾರಿಯಲ್ಲಿ ಮೂರು ಮೂರು ಜನ ಸಾಲಾಗಿ ಸೈಕಲ್ಲು ಹೊಡೆದು ಬಂದರು. ಯಾರೂ ಬಿಟ್ಟು ಹೋಗಬೇಕಾಗಲಿಲ್ಲ, ಯಾರೂ ಕರೆದುಕೊಂಡು ಹೋಗಬೇಕಾಗಲಿಲ್ಲ. ಮುಖದಲ್ಲಿ ಒಂದು ಗತ್ತು ಬಂದಿತ್ತು. ಸಾರಿಗೆಗೆ ಸರ್ಕಾರ ಮಾಡಿದ ಖರ್ಚಿನಲ್ಲಿ ಅದಕ್ಕಿಂತ ಸಾರ್ಥಕವಾದದ್ದನ್ನು ನಾನು ಕಂಡಿಲ್ಲ. ಕೊರೋನಾ ಕಾಲದಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದಾಗ ಯಾರೂ ರಸ್ತೆ ತಡೆ ಮಾಡಲಿಲ್ಲ. ಎಂಟನೆಯ ತರಗತಿಯ ಹುಡುಗಿಗೆ ಓಟಿಲ್ಲ.

ರಸ್ತೆಯೇ ಬೇಡ ಎನ್ನುವಷ್ಟು ಮೂರ್ಖಳಲ್ಲ ನಾನು. ಘಟ್ಟ ಇಳಿಯಲು ರಸ್ತೆ ಬೇಕು, ಆಂಬ್ಯುಲೆನ್ಸಿಗೆ ರಸ್ತೆ ಬೇಕು. ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವ ಜಿಲ್ಲೆ ನಮ್ಮದು. ಆದರೆ ರಸ್ತೆಯೆಂದರೆ ಅಗಲ, ಅಗಲವೆಂದರೆ ವೇಗ ಎಂಬ ಹುಚ್ಚಿಗೆ ಮಿತಿ ಬೇಡವೇ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದನ್ನು ನಾವ್ಯಾರೂ ಮರೆತಿಲ್ಲ. ರಸ್ತೆಯ ಬದಿಯಲ್ಲಿ ಚಹಾ ಮಾಡಿಕೊಂಡಿದ್ದ ಒಂದು ಸಂಸಾರವೇ ಮಣ್ಣಾಗಿ ಹೋಯಿತು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದ್ದನ್ನು ಆಗ ಎಲ್ಲರೂ ಆಡಿಕೊಂಡರು. ಈಗ ಆ ಮಾತು ತಣ್ಣಗಾಗಿದೆ. ದೇಶದ ಲೆಕ್ಕ ಬೇಕಾದರೆ, 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ ಪಾದಚಾರಿಗಳು 32,825. ದಿನಕ್ಕೆ ತೊಂಬತ್ತು ಜನ. ನಮ್ಮ ಶಾಲೆಯ ಎರಡು ತುಂಬಿದ ತರಗತಿ, ಪ್ರತಿದಿನ. ಇವರು ಕಾರು ಓಡಿಸುತ್ತಿರಲಿಲ್ಲ, ಬೈಕು ಓಡಿಸುತ್ತಿರಲಿಲ್ಲ, ನಡೆಯುತ್ತಿದ್ದರು. 1971ರಲ್ಲಿ ನೆದರ್‌ಲ್ಯಾಂಡ್ಸ್ ಎಂಬ ಪುಟ್ಟ ದೇಶದಲ್ಲಿ ವಾಹನಗಳಿಗೆ ಸಿಕ್ಕು ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತಾಗ ಅಲ್ಲಿಯ ತಂದೆತಾಯಂದಿರು ಮಕ್ಕಳ ಕೊಲೆ ನಿಲ್ಲಿಸಿ ಎಂದು ಬೀದಿಗೆ ಬಂದು ಕುಳಿತರು. ಇಂದು ಸೈಕಲ್ಲಿನ ದೇಶವೆಂದು ನಾವು ಹೊಗಳುವ ಆ ದೇಶ ಹುಟ್ಟಿನಿಂದ ಹಾಗಿರಲಿಲ್ಲ, ಗಲಾಟೆ ಮಾಡಿ ಪಡೆದದ್ದು. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನ ಕೊಟ್ಟ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿತು. ಕೋರ್ಟು ಹೇಳಿತು, ಸರಿ. ಶಿರಸಿಯ ಪೇಟೆಗೆ ಬಂದು ಆ ಹಕ್ಕನ್ನು ಹುಡುಕಿಕೊಡಿ ನೋಡೋಣ. ಕಲ್ಲುಚಪ್ಪಡಿ ಎದ್ದ ಗಟಾರದ ಮೇಲೆ ಬೈಕುಗಳು ಸಾಲಾಗಿ ನಿಂತಿರುತ್ತವೆ, ನಾವು ರಸ್ತೆಗೆ ಇಳಿದು ಹಾರ್ನು ಕೇಳುತ್ತ ನಡೆಯುತ್ತೇವೆ. ಫುಟ್‌ಪಾತು ಬಿಡಿಸಿ ಎಂದರೆ ಅಧಿಕಾರಿಗಳ ಕಣ್ಣಿಗೆ ಮೊದಲು ಬೀಳುವುದು ಸೊಪ್ಪು ಮಾರುವ ಹೆಂಗಸಿನ ಬುಟ್ಟಿ, ಆ ಬೈಕುಗಳಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆಯೇ ಆಗಿದೆ, ಬುಟ್ಟಿ ಎತ್ತಿಸುವವರು ಅದನ್ನು ಓದಿದಂತಿಲ್ಲ.

ಹಾಗಾದರೆ ಒಳ್ಳೆಯ ಊರು ಯಾವುದು? ಉತ್ತರಕ್ಕಾಗಿ ವಿಮಾನ ಹತ್ತಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಜಾತ್ರೆ ಬರುತ್ತದೆ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ ಕುಳಿತಿರುವಷ್ಟು ದಿನ ಸುತ್ತಲಿನ ಪೇಟೆ ನಡೆಯುವವರದು. ಎಂಬತ್ತರ ಮುದುಕಿಯಿಂದ ಎಂಟರ ಮಗುವಿನವರೆಗೆ ರಾತ್ರಿ ಹನ್ನೊಂದಕ್ಕೂ ಬೀದಿಯ ನಡುವೆ ನಿರ್ಭಯವಾಗಿ ನಡೆಯುತ್ತಾರೆ. ಬಳೆ ಅಂಗಡಿಯ ಮುಂದೆ ನಿಂತು ಮಾತಾಡಲು ಜಾಗವಿರುತ್ತದೆ. ಜಾತ್ರೆಗೆಂದು ಹೆಚ್ಚಿನ ಬಸ್ಸುಗಳನ್ನೂ ಬಿಡುತ್ತಾರೆ! ಊರನ್ನು ನಡೆಯುವವರಿಗೆ ಬಿಟ್ಟುಕೊಡಲು ನಮಗೆ ಬರುತ್ತದೆ ಎಂದಾಯಿತು, ಬೇಕೆಂದಾಗ.

ನಮ್ಮ ಸೋಂದೆಯೂ ಒಂದು ಕಾಲಕ್ಕೆ ಊರಲ್ಲ, ರಾಜಧಾನಿ. ಅರಸಪ್ಪ ನಾಯಕನಂಥವರು ಆಳಿದ ಪಟ್ಟಣ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಬಂದ ಮೇಲೆ ಅರಸೊತ್ತಿಗೆ ಗೋವೆಯ ಕಡೆ ಹೋಯಿತು, ಕೋಟೆ ಕಾಡಾಯಿತು. ಆದರೂ ವಾದಿರಾಜ ಮಠ, ಸ್ವರ್ಣವಲ್ಲಿ, ಜೈನ ಮಠ ಒಂದೇ ಊರಿನ ಹೆಸರಿನೊಳಗೆ ಉಳಿದಿವೆ. ಅರಮನೆ ಎಲ್ಲಿತ್ತು ಎಂದು ತೋರಿಸಲು ಗೈಡ್ ಬೇಕು. ಜನ ನಡೆದು ಹೋಗುವ ಕೆರೆ, ಗುಡಿ, ಮಠಗಳಿಗೆ ಬೇಡ. ನಮ್ಮ ಕೇರಿಯ ಮನೆಗಳನ್ನೇ ನೋಡಿ. ಸಾಲಾಗಿ ಮನೆ, ಪ್ರತಿ ಮನೆಗೂ ಹೊರಜಗುಲಿ, ಎದುರಿಗೆ ಅಂಗಳ, ಅಂಗಳದಾಚೆ ಎಲ್ಲರೂ ನಡೆಯುವ ದಾರಿ. ಅಡಿಕೆ ಸುಲಿಯುತ್ತ ಕುಳಿತ ಹೆಂಗಸರ ಕಣ್ಣಿಗೆ ಬೀಳದೆ ಮಗು ಬಾವಿಯ ಕಡೆ ಹೋಗುವಂತಿರಲಿಲ್ಲ. ಜೇನ್ ಜೇಕಬ್ಸ್ ಎಂಬ ಅಮೆರಿಕದ ಹೆಣ್ಣುಮಗಳು 1961ರಲ್ಲಿ ಅಮೆರಿಕದ ಮಹಾನಗರಗಳ ಅಳಿವು ಉಳಿವಿನ ಮೇಲೆ ಒಂದು ದೊಡ್ಡ ಪುಸ್ತಕ ಬರೆದಳು. ಅವಳು ಎಂಜಿನಿಯರಳೂ ಅಲ್ಲ, ನಗರ ಯೋಜನೆ ಓದಿದವಳೂ ಅಲ್ಲ. ಕಿಟಕಿಯಿಂದ ತನ್ನ ಬೀದಿಯನ್ನು ನೋಡಿದವಳು. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯ ಮೇಲಿರುವ ಕಣ್ಣುಗಳು ಎಂಬುದು ಅವಳ ವಾದ. ನ್ಯೂಯಾರ್ಕಿನ ಅವಳ ಸೀಮೆಯ ನಡುವೆ ಹೆದ್ದಾರಿ ತರಲು ಹೊರಟವರನ್ನು ಎದುರಿಸಿ ನಿಂತವಳು. ಓದಿದಾಗ, ಇದು ನಮ್ಮ ಜಗುಲಿಯ ಮಾತೇ ಅಲ್ಲವೇ ಅನಿಸಿತು.

ಆದರೆ ಕೇರಿಯನ್ನು ಹೊಗಳುವಾಗ ಅದರ ಬೇಲಿಯನ್ನೂ ನೆನೆಯಬೇಕು. ಯಾರು ಯಾವ ಕೇರಿಯಲ್ಲಿ ಇರಬೇಕು, ಯಾವ ಬಾವಿಯ ನೀರು ಮುಟ್ಟಬಾರದು ಎಂಬುದನ್ನೂ ಅದೇ 'ಯೋಜನೆ' ಹೇಳುತ್ತಿತ್ತು. ಜಗುಲಿಯ ಕಣ್ಣುಗಳು ಮಗುವನ್ನು ಕಾಯುವುದರ ಜೊತೆಗೆ ಮದುವೆಯಾಗದ ಹುಡುಗಿ ಎಷ್ಟು ಗಂಟೆಗೆ ಬಂದಳೆಂದೂ ಎಣಿಸುತ್ತಿದ್ದವು. ನಾನೂ ಎಣಿಸಿಕೊಂಡವಳೇ. ಆದ್ದರಿಂದ ಹಳೆಯದು ಹಾಗೇ ಬರಲಿ ಎನ್ನುವ ಹಾಡು ನನ್ನದಲ್ಲ. ಜಗುಲಿ ಬೇಕು, ಬೇಲಿ ಬೇಡ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ವಿಯೆನ್ನಾ ನಗರದ ಮಾತು ಹೇಳುತ್ತೇನೆ. 1990ರ ದಶಕದಲ್ಲಿ ಅಲ್ಲಿಯ ನಗರಾಡಳಿತ ಒಂದು ವಸತಿ ಸಮುಚ್ಚಯದ ನಕಾಶೆಯನ್ನು ಹೆಣ್ಣು ವಾಸ್ತುಶಿಲ್ಪಿಗಳಿಂದಲೇ ಮಾಡಿಸಿತು. 357 ಮನೆಗಳು. ಅವರು ಮೊದಲು ಯೋಚಿಸಿದ್ದು ಮಗುವಿನ ತಳ್ಳುಗಾಡಿಯನ್ನು ಎಲ್ಲಿ ಇಡುವುದು ಎಂದು! ಪ್ರತಿ ಮಹಡಿಯಲ್ಲೂ ಅದಕ್ಕೆ ಜಾಗ, ಅಡುಗೆಮನೆಯಿಂದ ಕಾಣುವ ಅಂಗಳ, ಆವರಣದಲ್ಲೇ ಶಿಶುವಿಹಾರ, ಔಷಧದ ಅಂಗಡಿ, ಹತ್ತಿರದಲ್ಲೇ ಸಾರಿಗೆ. ನಮ್ಮ ನಾಡಿನಲ್ಲೂ ಇಂಥ ಬುದ್ಧಿ ಇಲ್ಲದಿರಲಿಲ್ಲ. 1898ರಲ್ಲಿ ಪ್ಲೇಗು ಬಂದಾಗ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಮಾರುಕಟ್ಟೆ, ಗುಡಿ, ಶಾಲೆ, ಮೈದಾನ ಎಲ್ಲವೂ ಕಾಲ್ನಡಿಗೆಯಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಅಲ್ಲಿಯ ಮುದುಕಿಯರು ಬೆಳಗ್ಗೆ ತಾವೇ ಹೋಗಿ ಹೂವು ತರುತ್ತಾರೆ. ಈಗಿನ ಖಾಸಗಿ ಬಡಾವಣೆಗಳಿಗೆ ಹೋಗಿ ನೋಡಿ. ಕಮಾನು ದೊಡ್ಡದು, ಒಳಗೆ ಒಂದು ಕಿರಾಣಿ ಅಂಗಡಿಯಿಲ್ಲ. ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಕಲ್ಲು, ಮುಳ್ಳು. ನನ್ನ ಗೆಳತಿಯೊಬ್ಬಳು ನಿವೃತ್ತಿಯ ಹಣವನ್ನೆಲ್ಲ ಹಾಕಿ ಅಂಥದ್ದೊಂದರಲ್ಲಿ ಮನೆ ಕಟ್ಟಿದ್ದಾಳೆ. ಸಾಗುವಾನಿಯ ಬಾಗಿಲು, ಮಾರ್ಬಲ್ಲಿನ ನೆಲ. ಹಾಲು ಮುಗಿದರೆ ಮಗನ ಫೋನಿಗೆ ಕಾಯುತ್ತಾಳೆ. ಮೂವತ್ತಮೂರು ವರ್ಷ ಸ್ವಂತ ಸಂಪಾದನೆ ಮಾಡಿದ ಹೆಂಗಸು ಅವಳು.

ನಮ್ಮ ಪಂಚಾಯತಿಗಳಲ್ಲಿ ಅರ್ಧ ಜಾಗ ಹೆಂಗಸರಿಗೆ ಎಂದು 2010ರಲ್ಲೇ ಕಾನೂನಾಯಿತು. ಆದರೆ ಕಾಮಗಾರಿ ಪಟ್ಟಿ ಬಂದಾಗ ನೋಡಿ, ಕಮಾನು, ಕಾಂಕ್ರೀಟು, ಹೈಮಾಸ್ಟ್ ದೀಪ. ಸದಸ್ಯೆಯರನ್ನು ದೂರಿ ಫಲವಿಲ್ಲ. ಗ್ರಾಮಸಭೆಗೆ ನಾವು ಹೋಗುವುದಿಲ್ಲ, ವಾರ್ಡಿನ ಸಭೆಗೆ ಹೋಗುವುದಿಲ್ಲ, ಹೋದರೆ ಹಿಂದಿನ ಸಾಲಿನಲ್ಲಿ ಕುಳಿತು ಸಹಿ ಹಾಕಿ ಬರುತ್ತೇವೆ. ಹೋಗಿ ಕೇಳಬೇಕಾದದ್ದು ಬಹಳವೇನಿಲ್ಲ. ಮನೆಯ ಪಟ್ಟಿ ಓದುವಾಗ ಜಾಗ ಎಲ್ಲಿ, ಅಲ್ಲಿಗೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿ. ರಸ್ತೆಯ ಎಸ್ಟಿಮೇಟು ಓದುವಾಗ ಅದರ ಬದಿಯಲ್ಲಿ ನಡೆಯಲು ಎಷ್ಟು ಅಡಿ ಬಿಟ್ಟಿದ್ದೀರಿ ಎಂದು ಕೇಳಿ. ಹಳ್ಳಕ್ಕೆ ಕಾಲುಸಂಕ ಬೇಕೆಂದು ಮೂರು ಮಳೆಗಾಲದಿಂದ ಕೇಳುತ್ತಿರುವ ಮಜಿರೆ ಇದ್ದರೆ, ಕಮಾನಿನ ದುಡ್ಡನ್ನು ಅಲ್ಲಿಗೆ ಬರೆಸಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಒಳಗೆ ಅಂಗಡಿಗೂ ಅಂಗನವಾಡಿಗೂ ಜಾಗ ಗುರುತಿಸಿದ್ದನ್ನು ತೋರಿಸಲು ಹೇಳಿ. ಕಾಗದದಲ್ಲಿ ಇರುತ್ತದೆ, ನೆಲದ ಮೇಲೆ ಕಾಣಬೇಕು.

ಗುಡ್ಡದ ಕಾಲನಿಯ ಹೆಂಗಸರು ಈ ಮಳೆಗಾಲದ ಮೊದಲು ಒಂದು ಅರ್ಜಿ ಬರೆಸಿಕೊಂಡು ಹೋದರು. ನಲವತ್ತಮೂರು ಸಹಿ, ಅದರಲ್ಲಿ ಹದಿನಾಲ್ಕು ಹೆಬ್ಬೆಟ್ಟು. ಈ ಸಲ ಕಚೇರಿಯ ಕನ್ನಡ ಹಾಕಲಿಲ್ಲ. ಬೆಳಗ್ಗೆ ಆರು ಗಂಟೆಗೆ ಒಂದು ಬಸ್ಸು, ರಾತ್ರಿ ಎಂಟಕ್ಕೆ ಒಂದು, ತಿರುವಿನಲ್ಲಿ ಒಂದು ದೀಪ, ಇಷ್ಟೇ ಬರೆದಿದ್ದೇನೆ. ದೀಪ ಹಾಕಿ ಹೋಗಿದ್ದಾರಂತೆ. ಬಸ್ಸಿನ ಅರ್ಜಿಗೆ 'ಪರಿಶೀಲನೆಯಲ್ಲಿದೆ' ಎಂಬ ಹಿಂಬರಹ ಬಂದಿದೆ.